ಇಡೀ ಗೋಧಿ ಹಿಟ್ಟಿನ ಮಸಾಲೆ ಚಾಕೊಲೇಟ್ ಕುಕೀಸ್ ಒಣಗಿ ಕಹಿಯಾಗುವುದೇಕೆ?

ಪ್ರಶ್ನೆ

ಮೈದಾದಲ್ಲಿ ಚೆನ್ನಾಗಿ ಬರುತ್ತಿದ್ದ ಚಾಕೊಲೇಟ್ ಕುಕೀಸನ್ನು ಹೊಟ್ಟು ತೆಗೆಯದ ಗೋಧಿ ಹಿಟ್ಟಿನಲ್ಲಿ ಮಾಡಬೇಕೆಂಬ ಆಸೆಯಿಂದ ಎರಡು ಬಾರಿ ಪ್ರಯತ್ನಿಸಿದ್ದೇನೆ. ಎರಡೂ ಬಾರಿ ನಿರಾಸೆಯಾಗಿದೆ. ನಾನು ಬಳಸಿದ ಅಳತೆ ಹೀಗಿದೆ: ಗೋಧಿ ಹಿಟ್ಟು 200 ಗ್ರಾಂ, ಕೋಕೋ ಪುಡಿ 40 ಗ್ರಾಂ, ಬೆಣ್ಣೆ 120 ಗ್ರಾಂ, ಬಿಳಿ ಸಕ್ಕರೆ 150 ಗ್ರಾಂ, ಒಂದು ಮೊಟ್ಟೆ, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಟೀ ಚಮಚ ಲವಂಗದ ಪುಡಿ, ಅರ್ಧ ಟೀ ಚಮಚ ಒಣ ಶುಂಠಿ ಪುಡಿ. ಕಲಸಿದ ಕೂಡಲೇ ಉಂಡೆ ಮಾಡಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 14 ನಿಮಿಷ ಬೇಯಿಸಿದೆ. ಉಂಡೆಗಳು ಹರಡಿಕೊಳ್ಳದೆ ಗುಡ್ಡದಂತೆಯೇ ನಿಂತವು, ಕಚ್ಚಿದರೆ ಪುಡಿಪುಡಿಯಾದವು, ನುಂಗಿದ ಮೇಲೂ ಒಂದು ಬಗೆಯ ಕಹಿ ನಾಲಿಗೆಯಲ್ಲಿ ಉಳಿಯಿತು. ಲವಂಗವಂತೂ ಚಾಕೊಲೇಟಿನ ರುಚಿಯನ್ನೇ ಮುಚ್ಚಿಹಾಕಿತು. ತಪ್ಪು ಹಿಟ್ಟಿನದೋ, ನನ್ನ ವಿಧಾನದ್ದೋ ತಿಳಿಯುತ್ತಿಲ್ಲ. ಮೈದಾಕ್ಕೆ ಮರಳುವ ಮನಸ್ಸಂತೂ ಇಲ್ಲ.

ಮೊದಲ ಉತ್ತರ

ಹಿಟ್ಟಿನಲ್ಲಿ ದೋಷವಿಲ್ಲ, ಅದಕ್ಕೆ ಬೇಕಾದ ನೀರನ್ನೂ ಸಮಯವನ್ನೂ ನೀವು ಕೊಟ್ಟಿಲ್ಲ, ಅಷ್ಟೆ. ಗೋಧಿ ಕಾಳಿನ ತೂಕದಲ್ಲಿ ಶೇಕಡಾ 14ರಷ್ಟು ಹೊಟ್ಟು, 2ರಿಂದ 3ರಷ್ಟು ಮೊಳಕೆಯ ಭಾಗ ಇರುತ್ತದೆ. ಮೈದಾದಲ್ಲಿ ಇವೆರಡೂ ಬಹುಮಟ್ಟಿಗೆ ಇರುವುದಿಲ್ಲ. ಹೊಟ್ಟು ತನ್ನ ಪಾಲಿನ ನೀರನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ, ಆದರೆ ನಿಧಾನವಾಗಿ ಹೀರಿಕೊಳ್ಳುತ್ತದೆ. ಕಲಸಿದ ಕೂಡಲೇ ಬೇಯಿಸಿದರೆ ಹೊಟ್ಟಿನ ಚೂರುಗಳು ಮೆತ್ತಗಾಗುವ ಮೊದಲೇ ಓವನ್ನಿನ ಶಾಖ ನೀರನ್ನು ಎಳೆದುಕೊಳ್ಳುವುದರಿಂದ, ತಿನ್ನುವಾಗ ಮರಳಿನಂತಹ ತರಿ ಸಿಗುತ್ತದೆ. ಇದರ ಜೊತೆಗೆ ಕೋಕೋ ಪುಡಿಯೂ ನೀರು ಕುಡಿಯುವ ವಸ್ತುವೇ ಆಗಿರುವುದರಿಂದ, ನಿಮ್ಮ 240 ಗ್ರಾಂ ಒಣ ಪುಡಿಗೆ ಒಂದು ಮೊಟ್ಟೆ ಸಾಲುವ ಮಾತೇ ಇಲ್ಲ.

ಹಿಟ್ಟನ್ನು 170 ಗ್ರಾಂಗೆ ಇಳಿಸಿ, ಎರಡು ದೊಡ್ಡ ಚಮಚ ಹಾಲು ಸೇರಿಸಿ. ಸಾಧ್ಯವಾದರೆ ಒಂದು ಹಳದಿ ಲೋಳೆಯನ್ನು ಹೆಚ್ಚಿಗೆ ಹಾಕಿ. ಸಕ್ಕರೆಯಲ್ಲಿ ಅರ್ಧದಷ್ಟು ಕಂದು ಸಕ್ಕರೆಯಾದರೆ ಅದರಲ್ಲಿರುವ ಕಾಕಂಬಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲಸಿದಾಗ ಮಿಶ್ರಣ ಸ್ವಲ್ಪ ಅಂಟಂಟಾಗಿ ಕಂಡರೆ ಹೆದರಿ ಮತ್ತೆ ಹಿಟ್ಟು ಸುರಿಯಬೇಡಿ. ಮುಚ್ಚಿ ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ, ಅನುಕೂಲವಿದ್ದರೆ ಇಡೀ ರಾತ್ರಿ ಇಡಿ. ಮರುದಿನ ಅದೇ ಮಿಶ್ರಣ ಕೈಗೆ ಅಂಟದೆ ಬರುವುದನ್ನು ನೀವೇ ನೋಡುತ್ತೀರಿ. ತಣ್ಣಗಿನ ಉಂಡೆ ಕಡಿಮೆ ಹರಡುತ್ತದೆ, ಆದ್ದರಿಂದ ಟ್ರೇಯಲ್ಲಿ ಇಟ್ಟ ಮೇಲೆ ಅಂಗೈಯಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಬೇಕು.

ಎರಡನೆಯ ಉತ್ತರ

ನೀರಿನ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕಹಿಗೆ ಬೇರೆ ಕಾರಣಗಳನ್ನೂ ಹುಡುಕಬೇಕು. ಮೊದಲು ಹಿಟ್ಟನ್ನು ಮೂಸಿ ನೋಡಿ. ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಇಡೀ ಗೋಧಿ ಹಿಟ್ಟು ಮೈದಾಕ್ಕಿಂತ ಬಹಳ ಬೇಗ ಕೆಡುತ್ತದೆ. ಹಳೆಯ ಎಣ್ಣೆಯ ಅಥವಾ ಬಣ್ಣದ ಡಬ್ಬಿಯ ಕಮಟು ವಾಸನೆ ಬಂದರೆ ಎಷ್ಟು ಕೋಕೋ ಹಾಕಿದರೂ ಆ ಕಹಿ ಮರೆಯಾಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟರೆ ಹಿಟ್ಟು ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ.

ಎರಡನೆಯದು ಸೋಡಾ. ಸಹಜ ಕೋಕೋ ಪುಡಿ ಆಮ್ಲೀಯವಾಗಿದ್ದು, ಅದರ ಪಿಎಚ್ ಸಾಮಾನ್ಯವಾಗಿ 5ರಿಂದ 6ರೊಳಗಿರುತ್ತದೆ. ಅಂತಹ ಪುಡಿಯ ಜೊತೆ ಸೋಡಾ ಪ್ರತಿಕ್ರಿಯಿಸಿ ತಟಸ್ಥವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆದರ್ಲೆಂಡ್ಸ್‌ನ ಕೂನ್ರಾಡ್ ವಾನ್ ಹೌಟೆನ್ ರೂಢಿಗೆ ತಂದ ವಿಧಾನದಂತೆ ಕ್ಷಾರದಿಂದ ಸಂಸ್ಕರಿಸಿದ ಕೋಕೋದಲ್ಲಿ, ಅಂದರೆ ಡಚ್ ಪ್ರೊಸೆಸ್ಡ್ ಎಂದು ಬರೆದಿರುವ ಗಾಢ ಬಣ್ಣದ ಪುಡಿಯಲ್ಲಿ, ಆ ಆಮ್ಲ ಉಳಿದಿರುವುದಿಲ್ಲ. ನಿಮ್ಮದು ಅಂತಹ ಪುಡಿಯಾಗಿದ್ದು ಸಕ್ಕರೆಯೂ ಬಿಳಿಯದಾಗಿದ್ದರೆ ಸೋಡಾ ಹಾಗೆಯೇ ಉಳಿದು ಸಾಬೂನಿನಂತಹ ರುಚಿ ಕೊಡುತ್ತದೆ. ಆಗ ಸೋಡಾವನ್ನು ಕಾಲು ಚಮಚಕ್ಕಿಳಿಸಿ, ಅರ್ಧ ಚಮಚ ಬೇಕಿಂಗ್ ಪೌಡರ್ ಸೇರಿಸಿ.

ಇನ್ನು, 14 ನಿಮಿಷ ಹೆಚ್ಚಾಯಿತು. ಚಾಕೊಲೇಟ್ ಕುಕೀ ಮೊದಲೇ ಕಪ್ಪಾಗಿರುವುದರಿಂದ ಬಣ್ಣ ನೋಡಿ ಬೆಂದಿದೆಯೇ ಎಂದು ತೀರ್ಮಾನಿಸಲು ಆಗುವುದಿಲ್ಲ, ಸೀದಿರುವುದೂ ಕಣ್ಣಿಗೆ ಕಾಣುವುದಿಲ್ಲ. 10ನೆಯ ನಿಮಿಷಕ್ಕೆ ಅಂಚನ್ನು ಮುಟ್ಟಿ ನೋಡಿ. ಅಂಚು ಗಟ್ಟಿಯಾಗಿ, ಮೇಲ್ಮೈಯ ಹೊಳಪು ಹೋಗಿ, ನಡುವೆ ಇನ್ನೂ ಮೆತ್ತಗಿದ್ದರೆ ಹೊರತೆಗೆಯಿರಿ. ಬಿಸಿ ಟ್ರೇಯ ಮೇಲೆ ಐದು ನಿಮಿಷ ಬಿಟ್ಟರೆ ಉಳಿದದ್ದು ಅಲ್ಲಿಯೇ ಬೇಯುತ್ತದೆ.

ಮೂರನೆಯ ಉತ್ತರ

ಮಸಾಲೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಲವಂಗದಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಜೋಮು ಹಿಡಿಸುವಂತಹ ವಸ್ತು. ಇಷ್ಟು ಮಿಶ್ರಣಕ್ಕೆ ಟೀ ಚಮಚದ ಎಂಟನೆಯ ಒಂದು ಭಾಗವೇ ಧಾರಾಳ. ಚಕ್ಕೆಯನ್ನು ಒಂದು ಚಮಚವೇ ಇಟ್ಟುಕೊಳ್ಳಿ, ಶುಂಠಿಯನ್ನೂ ಹಾಗೆಯೇ ಬಿಡಿ. ಅದಕ್ಕೆ ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಸೇರಿಸಿದರೆ ಗಂಟಲಿನಲ್ಲಿ ಹಿತವಾದ ಬಿಸಿ ಉಳಿಯುತ್ತದೆ. ಕಾಲು ಚಮಚ ಉಪ್ಪನ್ನು ಮಾತ್ರ ಮರೆಯಬಾರದು, ಏಕೆಂದರೆ ನಾಲಿಗೆಗೆ ಕಹಿಯನ್ನು ತಗ್ಗಿಸಿ ತೋರಿಸುವುದು ಅದೇ.

ಮಸಾಲೆಯ ಸುವಾಸನೆಯ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಒಲೆ ಆರಿಸಿ, ಆ ಬಿಸಿಯಲ್ಲೇ ಮಸಾಲೆಯನ್ನೂ ಕೋಕೋವನ್ನೂ ಕಲಕಿ ಹತ್ತು ನಿಮಿಷ ಬಿಡಿ. ಅಡುಗೆಮನೆಯ ತುಂಬ ಪರಿಮಳ ಹರಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಉಗುರುಬೆಚ್ಚಗಾದ ಮೇಲೆಯೇ ಮೊಟ್ಟೆ ಹಾಕಬೇಕು. ಬೆಣ್ಣೆಯನ್ನು ಕಂದು ಬಣ್ಣಕ್ಕೆ ಕಾಯಿಸುವ ಆಸೆಯಾದರೆ, ಅದರಲ್ಲಿರುವ ಶೇಕಡಾ 16ರಷ್ಟು ನೀರು ಆವಿಯಾಗುತ್ತದೆ ಎಂಬುದನ್ನು ನೆನಪಿಟ್ಟು ಇನ್ನೊಂದು ಚಮಚ ಹಾಲು ಹಾಕಿ. ಹಸಿ ಹಿಟ್ಟು, ಹಸಿ ಮೊಟ್ಟೆ ಇರುವ ಮಿಶ್ರಣವನ್ನು ರುಚಿ ನೋಡಬೇಡಿ. ಒಂದೇ ಒಂದು ಕುಕೀ ಬೇಯಿಸಿ ತಿಂದು, ಮಸಾಲೆ ಸಾಲದೆನಿಸಿದರೆ ಉಳಿದುದಕ್ಕೆ ಸೇರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಕೋಕೋ ಡಬ್ಬಿಯನ್ನು ತಿರುಗಿಸಿ ನೋಡಿದರೆ ಕ್ಷಾರದಿಂದ ಸಂಸ್ಕರಿಸಿದ್ದು ಎಂದೇ ಬರೆದಿತ್ತು; ಹಿಟ್ಟಿನ ವಾಸನೆಯಲ್ಲಿ ತೊಂದರೆ ಇರಲಿಲ್ಲ. ನೀವು ಹೇಳಿದ ಅಳತೆಯಲ್ಲಿ ಕಲಸಿ, ಅರ್ಧವನ್ನು ಒಂದು ಗಂಟೆಯ ನಂತರ, ಇನ್ನರ್ಧವನ್ನು ಮರುದಿನ ಬೆಳಿಗ್ಗೆ 11 ನಿಮಿಷದಂತೆ ಬೇಯಿಸಿದೆ. ಮೊದಲ ತಂಡದಲ್ಲಿ ಕಹಿ ಹೋಗಿತ್ತು, ಆದರೆ ತರಿ ಸ್ವಲ್ಪ ಉಳಿದಿತ್ತು. ಮರುದಿನದ್ದರಲ್ಲಿ ಅಂಚು ಗರಿಗರಿಯಾಗಿ, ನಡುವೆ ಮೆತ್ತಗಾಗಿ, ಹೊಟ್ಟು ಇದೆಯೆಂಬುದು ಬಾಯಿಗೆ ತಿಳಿಯದೆ ಹುರಿದ ಗೋಧಿಯ ಘಮ ಮಾತ್ರ ಚಾಕೊಲೇಟಿನ ಹಿಂದೆ ನಿಂತಿತ್ತು. ಲವಂಗವನ್ನು ಇನ್ನೂ ಒಂದು ಚೂರು ಕಡಿಮೆ ಮಾಡಿ, ಮೆಣಸನ್ನು ಎರಡು ಚಿಟಿಕೆಗೆ ಏರಿಸಿ ಮುಂದಿನ ವಾರ ಮತ್ತೆ ಮಾಡುತ್ತೇನೆ.