ಅಮೆರಿಕದ ಪ್ರಾದೇಶಿಕ ವಿಮಾನಯಾನ ಸಂಘಕ್ಕೆ ಪ್ರತ್ಯೇಕ ದನಿ ಏಕೆ ಬೇಕು?

ಪ್ರಶ್ನೆ (ಆಗಸಯಾನಿ):
ಅಮೆರಿಕದಲ್ಲಿ ಸ್ಕೈವೆಸ್ಟ್, ರಿಪಬ್ಲಿಕ್, ಪಿಡ್ಮಾಂಟ್‌ನಂತಹ ಕಂಪನಿಗಳು ಸಣ್ಣ ಊರುಗಳಿಗೆ ವಿಮಾನ ಹಾರಿಸುತ್ತವೆಯಾದರೂ ಪ್ರಯಾಣಿಕರಿಗೆ ಕಾಣುವುದು ಡೆಲ್ಟಾ, ಯುನೈಟೆಡ್ ಅಥವಾ ಅಮೆರಿಕನ್ ಎಂಬ ಹೆಸರು. ಹೀಗೆ ದೊಡ್ಡವರ ಹೆಸರಿನಲ್ಲಿ ಹಾರುವವರಿಗೆ ರೀಜನಲ್ ಏರ್‌ಲೈನ್ ಅಸೋಸಿಯೇಷನ್ ಎಂಬ ಬೇರೆಯದೇ ಸಂಘದ ಅಗತ್ಯವೇನು? ಪೈಲಟ್‌ಗಳಿಗೆ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂಬ ನಿಯಮವನ್ನು ಅದು ಪ್ರಶ್ನಿಸುವುದು ಸರಿಯೇ?

ಉತ್ತರ (ಧಾರವಾಡದ ಓದುಗ):
ಹೆಸರು ಒಂದೇ ಆದರೂ ಹಿತಾಸಕ್ತಿ ಒಂದೇ ಅಲ್ಲ. ಬಹುತೇಕ ಒಪ್ಪಂದಗಳಲ್ಲಿ ವೇಳಾಪಟ್ಟಿಯನ್ನೂ ಟಿಕೆಟ್ ದರವನ್ನೂ ದೊಡ್ಡ ಕಂಪನಿಯೇ ನಿರ್ಧರಿಸುತ್ತದೆ. ಪ್ರಾದೇಶಿಕ ಕಂಪನಿಗೆ ಹಾರಾಟದ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ. ಇದಲ್ಲದೆ, ದೊಡ್ಡ ಕಂಪನಿಗಳು ತಮ್ಮ ಪೈಲಟ್ ಒಕ್ಕೂಟಗಳೊಂದಿಗೆ ಮಾಡಿಕೊಂಡಿರುವ ‘ಸ್ಕೋಪ್’ ಷರತ್ತುಗಳು ಪ್ರಾದೇಶಿಕ ಜೆಟ್‌ಗಳನ್ನು ಸಾಮಾನ್ಯವಾಗಿ 76 ಆಸನ ಮತ್ತು 86,000 ಪೌಂಡ್ ತೂಕದ ಮಿತಿಯೊಳಗೆ ಕಟ್ಟಿಹಾಕಿವೆ. ತಾವು ಕುಳಿತು ಚರ್ಚಿಸದ ಒಪ್ಪಂದವೊಂದು ತಾವು ಯಾವ ವಿಮಾನ ಹಾರಿಸಬೇಕೆಂಬುದನ್ನು ತೀರ್ಮಾನಿಸುವಾಗ, ವಾಷಿಂಗ್ಟನ್‌ನಲ್ಲಿ ತಮ್ಮದೇ ಪ್ರತಿನಿಧಿಯೊಬ್ಬರು ಇರಬೇಕೆಂದು ಬಯಸುವುದು ನನಗೆ ಸಹಜವಾಗಿ ತೋರುತ್ತದೆ.

ಉತ್ತರ (ಕಾಕ್‌ಪಿಟ್ ಆಸಕ್ತೆ):
ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ಆ ನಿಯಮದ ಹಿಂದಿರುವ ಸಾವುಗಳನ್ನು ನೆನೆಯಬೇಕು. 2009ರ ಫೆಬ್ರವರಿ 12ರಂದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ 3407ನೇ ವಿಮಾನ ಬಫಲೋ ನಗರದ ಬಳಿ ಮನೆಯೊಂದರ ಮೇಲೆ ಬಿದ್ದು, ಒಳಗಿದ್ದ 49 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ತೀರಿಕೊಂಡರು. ಮೃತರ ಕುಟುಂಬಗಳು ಬಿಡದೆ ನಡೆಸಿದ ಹೋರಾಟದಿಂದ 2010ರಲ್ಲಿ ಕಾಯ್ದೆ ಬಂತು, 2013ರಲ್ಲಿ ನಿಯಮ ಜಾರಿಯಾಯಿತು.

ಆ ವಿಮಾನದ ಇಬ್ಬರೂ ಪೈಲಟ್‌ಗಳಿಗೆ 1,500 ಗಂಟೆಗಳಿಗಿಂತ ಹೆಚ್ಚಿನ ಅನುಭವವಿತ್ತು ಎಂಬುದು ನಿಯಮವನ್ನು ಪ್ರಶ್ನಿಸುವವರ ಮುಖ್ಯ ವಾದ, ಮತ್ತು ಅದು ನಿಜ. ವೇಗ ಕುಸಿಯುತ್ತಿರುವ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಅಪಘಾತಕ್ಕೆ ಕಾರಣವೆಂದು ತನಿಖೆ ಹೇಳಿತು. ಬರಿಯ ಗಂಟೆಗಳ ಬದಲು ಕ್ರಮಬದ್ಧ ತರಬೇತಿಗೆ ಮನ್ನಣೆ ಸಿಗಲಿ ಎಂಬ ಬೇಡಿಕೆಯಲ್ಲಿ ಆದ್ದರಿಂದ ತಿರುಳಿದೆ. ನಾಲ್ಕು ವರ್ಷದ ವೈಮಾನಿಕ ಪದವಿ ಪಡೆದವರಿಗೆ ಈಗಾಗಲೇ 1,500ರ ಬದಲು 1,000 ಗಂಟೆ ಸಾಕೆಂಬ ರಿಯಾಯಿತಿಯಿದೆ. ಆದರೆ ಪೈಲಟ್‌ಗಳ ಕೊರತೆಯನ್ನು ಇದೇ ವಾದದೊಂದಿಗೆ ಬೆರೆಸುವುದನ್ನು ನಾನು ಒಪ್ಪಲಾರೆ. ಕೊರತೆಗೆ ದೀರ್ಘಕಾಲದ ಕಡಿಮೆ ಸಂಬಳವೂ ಕಾರಣವಾಗಿತ್ತು, 2022ರಲ್ಲಿ ಹಲವು ಪ್ರಾದೇಶಿಕ ಕಂಪನಿಗಳು ಸಂಬಳವನ್ನು ಗಣನೀಯವಾಗಿ ಏರಿಸಿದವು. ಅದೇ ವರ್ಷ ತನ್ನ ತರಬೇತಿ ಶಾಲೆಯ ಪದವೀಧರರಿಗೆ 750 ಗಂಟೆ ಸಾಕೆಂದು ರಿಪಬ್ಲಿಕ್ ಸಲ್ಲಿಸಿದ ಮನವಿಯನ್ನು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ತಿರಸ್ಕರಿಸಿತು.

ಉತ್ತರ (ಧಾರವಾಡದ ಓದುಗ):
ಸಣ್ಣ ಊರುಗಳ ಮಾತನ್ನೂ ಸೇರಿಸಬೇಕು. 1978ರಲ್ಲಿ ಮಾರ್ಗಗಳ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದಾಗ, ಲಾಭವಿಲ್ಲದ ಊರುಗಳು ಸಂಪರ್ಕ ಕಳೆದುಕೊಳ್ಳದಿರಲೆಂದು ‘ಎಸೆನ್ಷಿಯಲ್ ಏರ್ ಸರ್ವಿಸ್’ ಎಂಬ ಸಹಾಯಧನ ಯೋಜನೆ ಆರಂಭವಾಯಿತು, ಅದು ಇಂದಿಗೂ ನಡೆಯುತ್ತಿದೆ. ನಮ್ಮ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ನೆರವು ಮೂರು ವರ್ಷಗಳಿಗೆ ಸೀಮಿತ. ನೆರವು ನಿಂತ ಮೇಲೆ ಕಲಬುರಗಿಯಂತಹ ನಿಲ್ದಾಣಗಳಿಂದ ವಿಮಾನಗಳು ಹಾರುತ್ತಲೇ ಇರಬೇಕಾದರೆ ದೆಹಲಿಯಲ್ಲಿ ನಿರಂತರವಾಗಿ ಕೇಳುವವರು ಬೇಕು. ಅಮೆರಿಕದ ಸಂಘದಿಂದ ನಾವು ಕಲಿಯಬೇಕಾದದ್ದು, ನನ್ನ ಮಟ್ಟಿಗೆ, ಗಂಟೆಗಳ ವಾದಕ್ಕಿಂತ ಇದನ್ನೇ.