ಗಿಫ್ಟೆಡ್ ಪ್ರೋಗ್ರಾಮ್‌ಗೆ ಬಜೆಟ್ ಕತ್ತರಿ: ಸ್ಕೂಲ್ ಬೋರ್ಡ್ ಮುಂದೆ ಯಾವ ವಾದ ನಿಲ್ಲುತ್ತೆ? (ಕ್ಯಾಲಿಫೋರ್ನಿಯಾ)

ಮೂರನೇ ಬೆಂಚು (ಪ್ರಶ್ನೆ):
ಕ್ಯಾಲಿಫೋರ್ನಿಯಾದ ಒಂದು ಮಧ್ಯಮ ಗಾತ್ರದ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ). ಮುಂದಿನ ವರ್ಷದ ಕಡಿತದ ಪಟ್ಟಿಯಲ್ಲಿ ಗೇಟ್ (ಗಿಫ್ಟೆಡ್, ಅಂದರೆ ವಿಶೇಷ ಪ್ರತಿಭೆಯ ಮಕ್ಕಳ) ಪ್ರೋಗ್ರಾಮ್ ಬಂದಿದೆ. ಹೋಗುವುದು ಮೂರು: 4 ಮತ್ತು 5ನೇ ಕ್ಲಾಸಿಗೆ ವಾರಕ್ಕೊಂದು ದಿನದ ಪುಲ್-ಔಟ್ (ಮಾಮೂಲಿ ಕ್ಲಾಸಿನಿಂದ ಹೊರಗೆ ಕರೆದು ನಡೆಸುವ ಪಾಠ), ಅದರ ಇಬ್ಬರು ಟೀಚರ್‌ಗಳ ಹುದ್ದೆ, 3ನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಕೊಡುತ್ತಿದ್ದ ಕಾಗ್ಯಾಟ್ ಎಂಬ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆ. ಪೋಷಕರು ಪಿಟಿಷನ್‌ಗೆ ಸಹಿ ಹಾಕಿಸುತ್ತಿದ್ದಾರೆ. ಬೋರ್ಡ್ ಮೀಟಿಂಗಿನಲ್ಲಿ ತಲೆಗೆ 2 ನಿಮಿಷ ಸಿಗುತ್ತೆ. ಕಾನೂನಿನ ಆಸರೆ ಏನಾದರೂ ಇದೆಯಾ? ಮೂರನ್ನೂ ಉಳಿಸಿಕೊಳ್ಳಲು ಆಗದಿದ್ದರೆ ಯಾವುದನ್ನು ಬಿಟ್ಟುಕೊಡಬಹುದು?

ಲೆಡ್ಜರ್:
ಕಾನೂನಿನ ಆಸರೆ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಕಡೆಯಿಂದ ಗಿಫ್ಟೆಡ್ ಮಕ್ಕಳಿಗೆ ಸೇವೆ ಕೊಡಲೇಬೇಕೆಂಬ ಕಡ್ಡಾಯ ಎಲ್ಲೂ ಇಲ್ಲ. 1988ರ ಜಾವಿಟ್ಸ್ ಕಾಯ್ದೆಯ ಹಣ ಸಂಶೋಧನೆ, ಮಾದರಿ ಯೋಜನೆಗಳಿಗೆ ಹೋಗುತ್ತೆ, ನಿಮ್ಮ ಟೀಚರ್ ಸಂಬಳಕ್ಕಲ್ಲ. ರಾಜ್ಯದಲ್ಲಿ ಮೊದಲು ಗೇಟ್‌ಗೆಂದೇ ಎತ್ತಿಟ್ಟ ಹಣ ಇತ್ತು. 2013-14ರಲ್ಲಿ ಎಲ್‌ಸಿಎಫ್‌ಎಫ್ (ರಾಜ್ಯ ಶಾಲೆಗಳಿಗೆ ಹಣ ಹಂಚುವ ಹೊಸ ಸೂತ್ರ) ಬಂದ ಮೇಲೆ ಅದು ಸಾಮಾನ್ಯ ನಿಧಿಯೊಳಗೆ ಕರಗಿತು. ಹಾಗಾಗಿ "ಗೇಟ್ ದುಡ್ಡನ್ನು ಬೇರೆ ಕಡೆ ಹಾಕುತ್ತಿದ್ದೀರಿ" ಅನ್ನುವ ಆರೋಪ ಮಾಡಬೇಡಿ. ಫೈನಾನ್ಸ್ ಆಫೀಸರ್ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಕೂತುಬಿಡುತ್ತಾರೆ.

ನಿಮ್ಮ ನಿಜವಾದ ಶತ್ರು ಕ್ಯಾಲೆಂಡರ್. ಬಜೆಟ್‌ಗೆ ಜೂನ್‌ನಲ್ಲಿ ಒಪ್ಪಿಗೆ ಸಿಗುತ್ತೆ ಅಂತ ಜನ ಮೇ ತಿಂಗಳಲ್ಲಿ ಎದ್ದೇಳುತ್ತಾರೆ. ಆದರೆ ಟೀಚರ್‌ಗಳಿಗೆ ಲೇಆಫ್ ನೋಟಿಸ್ ಮಾರ್ಚ್ 15ರೊಳಗೆ ಹೋಗಬೇಕು. ಅಂದರೆ ಯಾವ ಹುದ್ದೆ ಹೋಗುತ್ತೆ ಎಂಬ ಬೋರ್ಡ್ ನಿರ್ಣಯ ಫೆಬ್ರವರಿಯಲ್ಲೋ ಮಾರ್ಚ್ ಮೊದಲ ವಾರದಲ್ಲೋ ಮುಗಿದಿರುತ್ತೆ. ಡಿಸೆಂಬರ್ 15ರೊಳಗೆ ಬರುವ ಮೊದಲ ಇಂಟರಿಮ್ ವರದಿಯಲ್ಲೇ (ವರ್ಷದ ನಡುವಿನ ಹಣಕಾಸು ಲೆಕ್ಕ) ಕೊರತೆಯ ಸುಳಿವು ಸಿಗುತ್ತೆ. ಮಾತಾಡಬೇಕಾದ ಕಾಲ ಜನವರಿ.

ಇನ್ನೊಂದು ದಾರಿ ಎಲ್‌ಸಿಎಪಿ, ಅಂದರೆ ಡಿಸ್ಟ್ರಿಕ್ಟ್ ತನ್ನ ಗುರಿ, ಖರ್ಚು ಬರೆದಿಡುವ ಯೋಜನೆ. ಪೇರೆಂಟ್ ಅಡ್ವೈಸರಿ ಕಮಿಟಿ ಅದರ ಮೇಲೆ ಕೊಟ್ಟ ಅಭಿಪ್ರಾಯಕ್ಕೆ ಸೂಪರಿಂಟೆಂಡೆಂಟ್ ಲಿಖಿತ ಉತ್ತರ ಕೊಡಲೇಬೇಕು. ಮೈಕ್ ಮುಂದೆ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅದೇ ಪ್ರಶ್ನೆಯನ್ನು ಕಮಿಟಿಯ ಸದಸ್ಯರೊಬ್ಬರ ಮೂಲಕ ಬರವಣಿಗೆಯಲ್ಲಿ ಹಾಕಿಸಿ.

ಚಾಕ್‌ಪೀಸ್:
ಲೆಡ್ಜರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: "ಉಳಿತಾಯ" ಅಂತ ತೋರಿಸುವ ಮೊತ್ತವನ್ನು ಬಿಡಿಸಿ ನೋಡಿ. ಪುಲ್-ಔಟ್ ಟೀಚರ್‌ಗಳು ಸಾಮಾನ್ಯವಾಗಿ ಸೀನಿಯಾರಿಟಿ ಇರುವವರು. ಹುದ್ದೆ ರದ್ದಾದರೆ ಅವರು ಮನೆಗೆ ಹೋಗುವುದಿಲ್ಲ, ಮಾಮೂಲಿ ಕ್ಲಾಸಿಗೆ ವಾಪಸ್ ಬರುತ್ತಾರೆ. ಆಗ ಉಳಿಯುವುದು ಪಟ್ಟಿಯ ತಳದಲ್ಲಿರುವ ಹೊಸ ಟೀಚರ್ ಸಂಬಳ, ಅದೂ ಯಾರನ್ನಾದರೂ ತೆಗೆದರೆ ಅಥವಾ ನಿವೃತ್ತರ ಜಾಗ ತುಂಬದಿದ್ದರೆ. ಪಟ್ಟಿಯಲ್ಲಿ ಮಾತ್ರ ಸೀನಿಯರ್ ಸಂಬಳವನ್ನೇ ಹಾಕಿರುತ್ತಾರೆ. "ಈ ಎರಡು ಎಫ್‌ಟಿಇ (ಪೂರ್ಣಾವಧಿ ಹುದ್ದೆ) ಎಲ್ಲಿಗೆ ಹೋಗುತ್ತವೆ, ನಿವ್ವಳ ಉಳಿತಾಯ ಎಷ್ಟು?" ಎಂದು ಪಬ್ಲಿಕ್ ರೆಕಾರ್ಡ್ಸ್ ಅರ್ಜಿ (ಸರ್ಕಾರಿ ದಾಖಲೆ ಕೇಳುವ ಅರ್ಜಿ) ಹಾಕುವುದಕ್ಕಿಂತ ದಾಖಲೆಯ ಹೆಸರು ಹಿಡಿದು ಕೇಳಿ: ಪೊಸಿಷನ್ ಕಂಟ್ರೋಲ್ ರಿಪೋರ್ಟ್ (ಹುದ್ದೆಗಳ ಪಟ್ಟಿ), ಗೇಟ್ ಕೋಡ್‌ನ ಕಳೆದ ಮೂರು ವರ್ಷದ ಖರ್ಚು, ಪರೀಕ್ಷೆಯ ಇನ್‌ವಾಯ್ಸ್. ದಾಖಲೆ ಇದ್ದರೆ ಕೊಡಬೇಕು. ಪ್ರಶ್ನೆಗೆ ಹೊಸ ಉತ್ತರ ತಯಾರಿಸಿ ಕೊಡುವ ಬಾಧ್ಯತೆ ಅವರಿಗಿಲ್ಲ. ಅರ್ಜಿಗೆ 10 ದಿನದಲ್ಲಿ ತೀರ್ಮಾನ ತಿಳಿಸಬೇಕು, ಕಾಗದ ಕೈಗೆ ಬರುವುದು ಇನ್ನೂ ತಡ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

2 ನಿಮಿಷದ ಮಾತಿನಲ್ಲಿ ಕೆಟ್ಟು ಹೋಗುವುದು ಎರಡು ಕಡೆ. "ನನ್ನ ಮಗುವಿಗೆ ಕ್ಲಾಸಿನಲ್ಲಿ ಬೋರ್ ಆಗುತ್ತೆ" ಅನ್ನುವುದು ಒಂದು. ಓದಲು ಬಾರದ ಮಕ್ಕಳ ಲೆಕ್ಕ ಎದುರಿಗಿಟ್ಟುಕೊಂಡು ಕೂತಿರುವ ಬೋರ್ಡ್‌ಗೆ ಅದು ಕೇಳಿಸುವುದೇ ಇಲ್ಲ. "ಸ್ಪೆಷಲ್ ಎಡ್‌ಗೆ (ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕೆ) ಅಷ್ಟು ಸುರಿಯುತ್ತೀರಲ್ಲ" ಅನ್ನುವುದು ಇನ್ನೊಂದು, ಅದು ಇನ್ನೂ ಕೆಟ್ಟದ್ದು. ಆ ಖರ್ಚು ಐಡಿಇಎ ಎಂಬ ಕೇಂದ್ರ ಕಾಯ್ದೆಯ ಕಡ್ಡಾಯ, ಕತ್ತರಿಸಿ ಗೇಟ್‌ಗೆ ಕೊಡಲು ಬರುವುದಿಲ್ಲ. ಮೇಲಾಗಿ ಗೇಟ್, ಸ್ಪೆಷಲ್ ಎಡ್ ಎರಡಕ್ಕೂ ಸೇರುವ ಮಕ್ಕಳ ಪೋಷಕರನ್ನು ನೀವೇ ದೂರ ಮಾಡಿಕೊಳ್ಳುತ್ತೀರಿ. ಪಿಟಿಷನ್ ಅಂತೂ ಶುದ್ಧ ವ್ಯರ್ಥ.

ಉಗುರುಬೆಚ್ಚಗೆ:
ಪಿಟಿಷನ್ ವ್ಯರ್ಥ ಅನ್ನುವುದನ್ನು ಒಪ್ಪಲ್ಲ. ಸಹಿಗಳನ್ನು ಶಾಲಾವಾರು ವಿಂಗಡಿಸಿ ಕೊಡಿ. ಬೋರ್ಡ್ ಸದಸ್ಯರು ಏರಿಯಾವಾರು ಗೆದ್ದು ಬಂದಿದ್ದರೆ ತಮ್ಮ ಏರಿಯಾದ ಶಾಲೆಯ ಸಂಖ್ಯೆಯನ್ನೇ ಮೊದಲು ನೋಡುತ್ತಾರೆ. ಎಲ್ಲ ಸಹಿಯೂ ಅನುಕೂಲಸ್ಥರ ಒಂದೆರಡು ಶಾಲೆಯದೇ ಆಗಿದ್ದರೆ ಮಾತ್ರ ತಿರುಗುಬಾಣ.

ಯಾವುದನ್ನು ಬಿಡಬೇಕು? ಪುಲ್-ಔಟ್ ಬಿಡಿ, ಪರೀಕ್ಷೆ ಉಳಿಸಿಕೊಳ್ಳಿ. ಹೆಚ್ಚಿನ ಪೋಷಕರು ಇದಕ್ಕೆ ತದ್ವಿರುದ್ಧ ಕೇಳುತ್ತಾರೆ, ಯಾಕೆಂದರೆ ಅವರ ಮಕ್ಕಳ ಆಯ್ಕೆ ಆಗಲೇ ಮುಗಿದಿದೆ. ಎಲ್ಲರಿಗೂ ಪರೀಕ್ಷೆ ನಿಂತ ಕೂಡಲೇ ಆಯ್ಕೆ "ಟೀಚರ್ ಅಥವಾ ಪೋಷಕರು ಹೆಸರು ಕೊಡಲಿ" ಎಂಬಲ್ಲಿಗೆ ಬಂದು ನಿಲ್ಲುತ್ತೆ, ವ್ಯವಸ್ಥೆ ಗೊತ್ತಿಲ್ಲದ ಮನೆಯ ಮಕ್ಕಳು ಉದುರಿ ಹೋಗುತ್ತಾರೆ. ಫ್ಲೋರಿಡಾದ ಒಂದು ದೊಡ್ಡ ಡಿಸ್ಟ್ರಿಕ್ಟ್ 2005ರಿಂದ 2ನೇ ಕ್ಲಾಸಿನ ಎಲ್ಲರನ್ನೂ ಪರೀಕ್ಷಿಸತೊಡಗಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಗಿಲಿಯಾನೋ ಆ ಅಂಕಿಅಂಶ ನೋಡಿದಾಗ, ಅರ್ಹತೆಯ ಗೆರೆ ಇಳಿಸದೆಯೇ ಬಡ, ಕಪ್ಪು, ಹಿಸ್ಪಾನಿಕ್ ಮಕ್ಕಳ ಪ್ರಮಾಣ ಬಹಳ ಏರಿತ್ತು. ಆಮೇಲೆ ಬಜೆಟ್ ಬಿಗಿಯಾಗಿ ಅದು ನಿಂತಾಗ ಏರಿದ್ದ ಆ ಪ್ರಮಾಣವೂ ಇಳಿಯಿತು. ನಿಮ್ಮ 2 ನಿಮಿಷದಲ್ಲಿ ಒಂದೂವರೆ ನಿಮಿಷ ಇದಕ್ಕೇ ಕೊಡಿ, ಪಕ್ಕದಲ್ಲಿ ನಿಮ್ಮ ಡಿಸ್ಟ್ರಿಕ್ಟ್‌ನ ಶಾಲಾವಾರು ಗೇಟ್ ಸಂಖ್ಯೆ ಇಡಿ.

ಖರ್ಚು ಇಳಿಸಲು ದಾರಿ ತೋರಿಸಿ: ಎಲ್ಲರಿಗೂ ಕಾಗ್ಯಾಟ್‌ನ ಚಿಕ್ಕ ಸ್ಕ್ರೀನಿಂಗ್ ಫಾರ್ಮ್, ಮೇಲೆ ಬಂದವರಿಗಷ್ಟೇ ಪೂರ್ಣ ಪರೀಕ್ಷೆ. ಇಲ್ಲೊಂದು ಬಲೆ ಇದೆ. ಮೊದಲ ಹಂತದ ಗೆರೆಯನ್ನು ಕೊನೆಯ ಗೆರೆಯಷ್ಟೇ ಎತ್ತರಕ್ಕೆ ಇಟ್ಟರೆ ಅರ್ಹರೇ ಹೊರಗುಳಿಯುತ್ತಾರೆ. ಚಿಕ್ಕ ಪರೀಕ್ಷೆಯ ಅಂಕ ಅಷ್ಟು ನಿಖರವಲ್ಲ, ಆ ದಿನ ಒಂದೆರಡು ಪ್ರಶ್ನೆ ತಪ್ಪಿದ ಮಗುವಿಗೆ ಎರಡನೇ ಅವಕಾಶವೇ ಇರಲ್ಲ. ಅಂತಿಮ ಗೆರೆ 95ನೇ ಪರ್ಸೆಂಟೈಲ್ (ನೂರರಲ್ಲಿ 95 ಮಕ್ಕಳಿಗಿಂತ ಮೇಲೆ) ಇದ್ದರೆ ಮೊದಲನೆಯದನ್ನು 75-80ರ ಸುತ್ತ ಇಡಲು ಕೇಳಿ.

ಪುಲ್-ಔಟ್ ಬದಲಿಗೆ ಕ್ಲಸ್ಟರ್: ಒಂದು ಗ್ರೇಡಿನ ನಾಲ್ಕು ಸೆಕ್ಷನ್‌ಗೆ ಇಬ್ಬಿಬ್ಬರಂತೆ ಹಂಚಿಹೋಗಿರುವ ಎಂಟು ಮಕ್ಕಳನ್ನು ಒಂದೇ ಸೆಕ್ಷನ್‌ಗೆ ಹಾಕುವುದು, ಆ ಟೀಚರ್‌ಗೆ ತರಬೇತಿ ಕೊಡುವುದು. ಸೆಕ್ಷನ್ ಸಂಖ್ಯೆ ಏರುವುದಿಲ್ಲ, ಹಾಗಾಗಿ ಹೊಸ ಸಂಬಳವಿಲ್ಲ. ತರಬೇತಿಗೆ ಟೈಟಲ್ 2 (ಟೀಚರ್ ತರಬೇತಿಗೆ ಕೇಂದ್ರ ಕೊಡುವ) ಹಣ ಬಳಸಬಹುದು, ಗಿಫ್ಟೆಡ್ ಮಕ್ಕಳ ಅಗತ್ಯ ಆ ಕಾಯ್ದೆಯಲ್ಲೇ ಇದೆ. ಆದರೆ ತರಬೇತಿ ಇಲ್ಲದೆ ಮಕ್ಕಳನ್ನು ಒಟ್ಟು ಹಾಕಿದರೆ ಅದು ಬರೀ ಸೀಟಿಂಗ್ ಚಾರ್ಟ್. ಗಣಿತದಲ್ಲಿ ಬಹಳ ಮುಂದಿರುವ ಮಗುವನ್ನು ಆ ಒಂದು ಪಿರಿಯಡ್‌ಗೆ ಮೇಲಿನ ಕ್ಲಾಸಿಗೆ ಕಳಿಸುವುದೂ ಬಹುತೇಕ ಪುಕ್ಕಟೆ. ಎರಡೂ ಗ್ರೇಡಿನ ಗಣಿತ ಒಂದೇ ಹೊತ್ತಿಗೆ ಬರುವಂತೆ ಟೈಮ್‌ಟೇಬಲ್ ಮಾಡಿದ್ದರೆ ಮಾತ್ರ.

ಮೂರನೇ ಬೆಂಚು:
ಪೋಷಕರೇ ಫೀ ಹಾಕಿ ಪುಲ್-ಔಟ್ ನಡೆಸಿದರೆ?

ಲೆಡ್ಜರ್:
ಫೀ ಆಗಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯಲ್ಲಿ ಶೈಕ್ಷಣಿಕ ಚಟುವಟಿಕೆಗೆ ಫೀ ಕಡ್ಡಾಯ ಮಾಡುವಂತಿಲ್ಲ. ದೇಣಿಗೆ ಸರಿ, ಆದರೆ ಕೊಡದವರ ಮಗುವನ್ನು ಹೊರಗಿಡುವಂತಿಲ್ಲ. ಪ್ರತಿ ವರ್ಷ ಬೇಕಾಗುವ ಸಂಬಳವನ್ನು ಒಂದು ಸಲದ ದೇಣಿಗೆ ಮೇಲೆ ನಿಲ್ಲಿಸಿದರೆ ಮುಂದಿನ ಫೆಬ್ರವರಿಗೆ ಇದೇ ಪಟ್ಟಿ ಮತ್ತೆ ಬರುತ್ತೆ. ದೇಣಿಗೆ ಪರೀಕ್ಷೆಯ ಖರ್ಚಿಗೆ, ತರಬೇತಿಗೆ ಹಾಕಿ.

ಹಿಮದ ಬೂಟು:
ಬೇರೆ ರಾಜ್ಯದವರು ಇದನ್ನು ಓದಿ ಹಾಗೇ ಅನುಸರಿಸಬೇಡಿ. ಪೆನ್ಸಿಲ್ವೇನಿಯಾದಲ್ಲಿ ಚಾಪ್ಟರ್ 16 ಎಂಬ ರಾಜ್ಯ ನಿಯಮದ ಪ್ರಕಾರ ಸೇವೆ ಕಡ್ಡಾಯ. ಜಿಐಇಪಿ (ಗಿಫ್ಟೆಡ್ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ) ಬರೆದಾಗಿದ್ದರೆ, ಬಜೆಟ್ ಇಲ್ಲ ಎಂದು ಸೇವೆ ನಿಲ್ಲಿಸಲು ಬರಲ್ಲ, ಡ್ಯೂ ಪ್ರೊಸೆಸ್ (ವಿಧಿಬದ್ಧ ವಿಚಾರಣೆ) ಕೇಳಬಹುದು. ಅಲ್ಲಿ ವಾದ ಬೋರ್ಡ್ ಮೈಕಿಗಿಂತ ಜಿಐಇಪಿ ಮೀಟಿಂಗಿನಲ್ಲಿ. ಟೆಕ್ಸಸ್‌ನಲ್ಲಿ ಪ್ರೋಗ್ರಾಮ್ ಇಂಟೆಂಟ್ ಕೋಡ್ 21ರ ಖರ್ಚು ಕೇಳಿ, ಗಿಫ್ಟೆಡ್ ಲೆಕ್ಕ ಅದರಡಿ ಬರುತ್ತೆ.

ಕ್ಯಾಲಿಫೋರ್ನಿಯಾದವರಿಗೆ ಕೊನೆಯದು: ಸದಸ್ಯರಿಗೆ ಒಬ್ಬೊಬ್ಬರಿಗೇ ಇಮೇಲ್ ಮಾಡಿ. ಆದರೆ "ಇಂಥವರು ನಮ್ಮ ಪರ ವೋಟ್ ಹಾಕುತ್ತಾರಂತೆ, ನೀವೂ ಹಾಕಿ" ಎಂದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬೇಡಿ. ಬಹುಮತದಷ್ಟು ಸದಸ್ಯರ ನಡುವೆ ಹಾಗೆ ಮಾತು ಸುತ್ತಿದರೆ ಬ್ರೌನ್ ಆಕ್ಟ್ (ಬೋರ್ಡ್ ಚರ್ಚೆ ಬಹಿರಂಗವಾಗಿ ನಡೆಯಬೇಕೆಂಬ ರಾಜ್ಯ ಕಾಯ್ದೆ) ಉಲ್ಲಂಘನೆ ಆಗಬಹುದು, ನಿಮ್ಮ ಪರ ಬಂದ ನಿರ್ಣಯವನ್ನೇ ಯಾರಾದರೂ ಪ್ರಶ್ನಿಸಬಹುದು. ಅಜೆಂಡಾ ಮೀಟಿಂಗಿಗೆ 72 ಗಂಟೆ ಮೊದಲು ಬರುತ್ತೆ, ನಿಮ್ಮ ಐಟಂ ನಂಬರ್ ನೋಡಿ ಇಮೇಲ್ ಸಬ್ಜೆಕ್ಟ್‌ನಲ್ಲೇ ಹಾಕಿ.