ಮುಟ್ಟಿನ ಲೆಕ್ಕ ತಪ್ಪಿದೆ, ಗರ್ಭಕೋಶ ತೆಗೆಸಲೇಬೇಕಾ?

ಪ್ರಶ್ನೆ (ಹರಿಹರದಿಂದ)
ನನಗೆ 46. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮೊದಲೆಲ್ಲ 28-30 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿತ್ತು. ಯುಗಾದಿ ಆದಮೇಲೆ ಲೆಕ್ಕ ತಪ್ಪಿತು. ಒಮ್ಮೆ 18 ದಿನಕ್ಕೇ ಬಂತು. ಆಮೇಲೆ ಎರಡು ತಿಂಗಳು ಬರಲೇ ಇಲ್ಲ, ಬಂದದ್ದು 12 ದಿನ ನಿಲ್ಲಲಿಲ್ಲ. ಹೆಪ್ಪು ಹೆಪ್ಪಾಗಿ ಹೋಗುತ್ತದೆ. ಮಿಷನ್ ಮುಂದೆ ಕೂತರೆ ಏಳೋಕೆ ಹೆದರಿಕೆ, ಸೀರೆಗೆ ಕಲೆ ಆಗಿದೆಯೇನೋ ಅಂತ. ಹಿಮೋಗ್ಲೋಬಿನ್ 8.2. ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿ, "2 ಸೆಂಟಿಮೀಟರ್ ಗಡ್ಡೆ ಇದೆ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂದರು. ಬೇರೆ ಪರೀಕ್ಷೆ ಏನೂ ಮಾಡಲಿಲ್ಲ. ನಮ್ಮ ಅತ್ತಿಗೆ, "ಈ ವಯಸ್ಸಿಗೆ ಎಲ್ಲರಿಗೂ ಹೀಗೇ, ಸುಮ್ನಿರು" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ಹೆರಿಗೆ ವಾರ್ಡಿನ ನರ್ಸ್)
ಅಕ್ಕಾ, ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಕಾರಣ ಗೊತ್ತಾಗಲಿ. ಈ ವಯಸ್ಸಲ್ಲಿ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗಲ್ಲ. ಆಗ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಹೊತ್ತಲ್ಲದ ಹೊತ್ತಲ್ಲಿ ಕಳಚಿಕೊಳ್ಳುತ್ತದೆ. ಥೈರಾಯಿಡ್ ಕಮ್ಮಿಯಾದರೂ ಹೀಗಾಗಬಹುದು. ಗಡ್ಡೆ ಎಲ್ಲಿದೆ ಅಂತ ಕೇಳಿದಿರಾ? ಒಳಪದರಕ್ಕೆ ತಾಗಿದ್ದರೆ ಚಿಕ್ಕದೂ ಜಾಸ್ತಿ ರಕ್ತ ಹರಿಸುತ್ತದೆ. ಹೊರಗೋಡೆಯಲ್ಲಿದ್ದರೆ ಸಾಮಾನ್ಯವಾಗಿ ಅದರದ್ದು ತಪ್ಪಿರಲ್ಲ.

ಥೈರಾಯಿಡ್ ನೋಡೋ ರಕ್ತಪರೀಕ್ಷೆ, ಟಿಎಸ್‌ಎಚ್, ಮಾಡಿಸಿ. 46 ಆದರೂ ಗರ್ಭದ ಪರೀಕ್ಷೆ ಒಂದು ಸಲ ಆಗಲಿ. 45 ದಾಟಿ ಹೀಗೆ ರಕ್ತ ಹೋಗುವವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು, ಕ್ಯಾನ್ಸರ್ ಇಲ್ಲ ಅಂತ ಖಾತ್ರಿಯಾಗೋಕೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಆದರೆ, ಅಥವಾ ತಲೆಸುತ್ತು ಬಂದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಉತ್ತರ (ಶಿವಮೊಗ್ಗದಿಂದ)
ನನಗೂ 44ರಲ್ಲಿ ತೆಗೆಸಿ ಎಂದಿದ್ದರು. ಇನ್ನೊಬ್ಬ ಡಾಕ್ಟರು ಕಾಪರ್-ಟಿ ತರಹದ್ದೇ, ಆದರೆ ಹಾರ್ಮೋನ್ ಇರುವ ಸಾಧನ ಗರ್ಭಕೋಶದೊಳಗೆ ಹಾಕಿದರು. ಮೊದಲ ನಾಲ್ಕು ತಿಂಗಳು ದಿನಾ ಚೂರು ಚೂರು ಕಲೆ. ತೆಗೆಸಿಬಿಡೋಣ ಅನ್ನಿಸಿತ್ತು. ಆಮೇಲೆ ಪ್ಯಾಡೇ ಬೇಡವಾಯಿತು. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ. ನಾನು ನಿಂಬೆ ಪಾನಕದ ಜೊತೆ ತಗೊಳ್ಳುತ್ತಿದ್ದೆ.

ಪ್ರಶ್ನೆ ಕೇಳಿದವರು (ಏಳು ವಾರದ ನಂತರ)
ದಾವಣಗೆರೆಯಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆ. ಟಿಎಸ್‌ಎಚ್ 14 ಇತ್ತು! ಅದು ಜಾಸ್ತಿ ಇದ್ದರೆ ಥೈರಾಯಿಡ್ ಕಮ್ಮಿ ಅಂತ ಅರ್ಥವಂತೆ. ಗಡ್ಡೆ ಹೊರಗೋಡೆಯಲ್ಲಿದೆ. ಬಯಾಪ್ಸಿ ರಿಪೋರ್ಟ್ ಬರುವವರೆಗೆ ನಿದ್ದೆ ಇರಲಿಲ್ಲ. ಕ್ಯಾನ್ಸರ್ ಇಲ್ಲ. ಥೈರಾಯಿಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಬ್ಬಿಣದ್ದು ನಾಲ್ಕು ಗಂಟೆ ಬಿಟ್ಟು. ಜಾಸ್ತಿ ಹೋಗುವ ದಿನಕ್ಕೆ ಮಾತ್ರ ರಕ್ತ ಹೋಗೋದು ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಮಾತ್ರೆ ಕೊಟ್ಟಿದ್ದಾರೆ. ಅದಕ್ಕೂ ಮೊದಲು, ಕಾಲಲ್ಲಿ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಿದರು, ಹಾಗಿದ್ದರೆ ಆ ಮಾತ್ರೆ ಕೊಡಲ್ಲವಂತೆ. ಹಿಮೋಗ್ಲೋಬಿನ್ 10.1ಕ್ಕೆ ಏರಿದೆ. ಈ ಸಲ ಆರು ದಿನಕ್ಕೆ ನಿಂತಿತು.

ಇನ್ನೊಂದು ಮಾತು. ನನ್ನ ರಿಪೋರ್ಟ್ ನೋಡಿದ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದರು. ಅವರಿಗೆ ಮುಟ್ಟು ನಿಂತು ಎರಡು ವರ್ಷ. ಹೋದ ತಿಂಗಳು ಎರಡು ದಿನ ಸ್ವಲ್ಪ ಕಲೆ ಕಂಡಿತ್ತಂತೆ.

ಉತ್ತರ (ನರ್ಸ್)
ಒಂದು ವರ್ಷ ನಿಂತಮೇಲೆ ಒಂದು ಹನಿ ಕಂಡರೂ ಸುಮ್ನಿರಬಾರದು ಅಕ್ಕಾ. ಎಷ್ಟೋ ಸಲ ಸಣ್ಣ ಕಾರಣವೇ ಇರುತ್ತದೆ, ಆದರೂ ಪರೀಕ್ಷೆ ಆಗಲೇಬೇಕು. ನಾಳೆಯೇ ಕರ್ಕೊಂಡು ಹೋಗಿ.